ಅರವತ್ತೊಂದನೆಯ ತುಂಡು

ಎಲ್ ಆಲ್ತೊ ಆಸ್ಪತ್ರೆಯಿಂದ
ಕೆಳಗೆ ಲಾ ಪಾಸಿನ ಪ್ರಯೋಗಾಲಯಕ್ಕೆ
ತಂತಿಬಂಡಿಯಲ್ಲಿ ಹದಿನೇಳು ನಿಮಿಷ.
ಐಸ್ ಪೆಟ್ಟಿಗೆ ನನ್ನ ಮಡಿಲಲ್ಲಿ.
ಎದುರು ಕೂತ ದುಂಡುಟೋಪಿಯ ಹೆಂಗಸು ಕೇಳಿದಳು:
ಮೀನೇ?
ಹೂಂ ಅಂದೆ.
ಮಾಸು ಅನ್ನುವುದು ಹೇಗೆ, ಬೆಳಗಿನ ಎಂಟಕ್ಕೆ,
ಬಾಯಲ್ಲಿನ್ನೂ ಬ್ರೆಡ್ಡಿರುವವರ ಹತ್ತಿರ?

ನಾಲ್ಕು ಸಾವಿರ ಮೀಟರು ಮೇಲೆ
ಉಸಿರಿಗೇ ಬರ.
ಗಾಳಿ ಸಾಲದೆ ಕಂಗೆಟ್ಟ ಮಾಸು
ರಕ್ತದ ಕೈಗೆ ದೂರಿನ ಓಲೆ ಕೊಟ್ಟು ಕಳಿಸುತ್ತದೆ.
ಓಲೆ ವಿಳಾಸ ತಪ್ಪಿ
ಮೂತ್ರಪಿಂಡದ ಹೊಸ್ತಿಲಿಗೆ ಬೀಳುತ್ತದೆ.
ಓದಿದ ಜರಡಿ ಬಾತುಕೊಂಡು
ಹಿಡಿಯಬೇಕಾದ್ದನ್ನು ಬಿಡುತ್ತದೆ:
ಬಸಿರು, ಅದರೊಳಗೇ
ಬಸಿಯುವುದು.

ಡಾಕ್ಟರ್ ಬೆತ್ಸಾಬೆ ಲಿಮಾಚಿ
ಹನ್ನೊಂದು ವರ್ಷದಿಂದ ಆ ಓಲೆಯ
ಅಕ್ಷರ ಕೂಡಿಸುತ್ತಿದ್ದಾಳೆ.
ನಳಿಕೆಯಲ್ಲಿ ಮೂತ್ರ ಕುಲುಕಿ ಬೆಳಕಿಗೆ ಹಿಡಿಯುತ್ತಾಳೆ;
ಯಂತ್ರ ಪಕ್ಕದಲ್ಲೇ ಇದೆ, ಆದರೂ.
ನೊರೆ ಆರದೆ ನಿಂತರೆ
ಐಮಾರಾದಲ್ಲಿ ಬೈಯುತ್ತಾಳೆ,
ಯಾರನ್ನು ಅಂತ ನಾನು ಕೇಳಿಲ್ಲ.

ಫೆಲೀಸಾ ಕೊಲ್ಕೆ, ಇಪ್ಪತ್ತೆರಡು,
ಬಸ್ ನಿಲ್ದಾಣದಲ್ಲಿ ಮೊಬೈಲ್ ಕವರು ಮಾರುವವಳು.
ಚಪ್ಪಲಿಗೆ ಪಾದ ಹೋಗದೆ
ಅಣ್ಣನ ಬೂಟು ತೊಟ್ಟು ಬಂದಿದ್ದಳು.
ಕಣಕಾಲಿಗೆ ಹೆಬ್ಬೆರಳೊತ್ತಿದೆ,
ಗುಳಿ ಬಿತ್ತು,
ಏಳಲಿಲ್ಲ.
ಕಣ್ಣ ಮುಂದೆ ಮಿಂಚುಹುಳ ಅಂದಳು. ಒತ್ತಡ ನೂರ ಎಂಬತ್ತು.
ರಾತ್ರಿಯೇ ಕತ್ತರಿಸಿ ತೆಗೆದರು ಮಗುವನ್ನು,
ಒಂದು ಕಿಲೋ ಮುನ್ನೂರು ಗ್ರಾಂ,
ಅತ್ತಿತು.
ಅವಳು ಮುಂಚೆಯೇ ಸಹಿ ಹಾಕಿದ್ದಳು. ನಾನೇ ಓದಿ ಹೇಳಿದ್ದೆ:
ತುಂಡನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದು.
ಉಳಿದದ್ದನ್ನು ಬಕೀಟಿನಲ್ಲಿ
ಅಜ್ಜಿ ದಿಯೊನಿಸಿಯಾಗೆ ಕೊಟ್ಟೆ.

ಮೂರನೆಯ ದಿನ ಅಜ್ಜಿ ಬಂದಳು.
ತೊಳೆದೆ, ಅಂಚಿನಲ್ಲಿ ಹೆಬ್ಬೆರಳಗಲ ಇಲ್ಲ.
ಮೊಟಕು ಮಾಸು ಹೂತರೆ
ಮಗು ಬದುಕಿಡೀ ಏನನ್ನೋ ಹುಡುಕುತ್ತದೆ.
ಗುಂಡಿ ಇನ್ನೂ ತೆರೆದೇ ಇದೆ. ಕೊಡು.

ನಾನು ಫ್ರೀಜರಿನ ಮಾತು ತೆಗೆದೆ:
ಸುರಕ್ಷಿತವಾಗಿದೆ, ಮೈನಸ್ ಎಂಬತ್ತು.
ನಮ್ಮ ಜೂನ್ ತಿಂಗಳಿಗಿಂತ ತಣ್ಣಗೋ?
ಹೌದಜ್ಜಿ.
ಪಾಪ, ಅಂದಳು,
ನನಗಲ್ಲ, ತುಂಡಿಗೆ.

ಬೆತ್ಸಾಬೆ ಕೇಳಿದಳು: ಎಷ್ಟು ಓದಿಯಾಗಿದೆ?
ಅರ್ಧ.
ಕಿಟಕಿಯಾಚೆ ಇಯ್ಯಿಮಾನಿ ಬೆಟ್ಟ ಬೆಳ್ಳಗೆ ಸುಮ್ಮನಿತ್ತು.
ಸಾಕು ಅನ್ನಲಾರೆ, ಅಂದಳು,
ಅನ್ನುತ್ತಲೇ ಸಹಿ ಹಾಕಿದಳು.

ಅದೇ ತಂತಿಬಂಡಿ, ಈಗ ಮೇಲಕ್ಕೆ.
ತವರದ ಮಾಡುಗಳು, ಒಣಹಾಕಿದ ಬಟ್ಟೆ, ಬೊಗಳುವ ನಾಯಿ
ಕಾಲಡಿಯಲ್ಲಿ ಸಣ್ಣಗಾಗುತ್ತ.
ಶಾಲೆಯ ಹುಡುಗನೊಬ್ಬ ಪೆಟ್ಟಿಗೆ ನೋಡಿ ಏನದು ಅಂದ.
ಮಾಸು, ಅಂದೆ.
ಕಾಲು ಹಿಂದಕ್ಕೆಳೆದುಕೊಂಡ.

ಅಂಗಳದ ಮೂಲೆ. ಕೋಕಾ ಎಲೆ. ನಾಲ್ಕು ಹನಿ ಮದ್ಯ.
ಎರಡು ಗ್ರಾಂ ತುಂಡನ್ನು ಅಜ್ಜಿ
ತಪ್ಪಿಸಿಕೊಂಡು ಮನೆಗೆ ಬಂದ ಕುರಿಮರಿಯಂತೆ
ದೊಡ್ಡದರ ಪಕ್ಕ ಮಲಗಿಸಿದಳು.
ಮಣ್ಣೆಳೆಯುತ್ತ ಕೇಳಿದಳು:
ಓದಿದಿರಲ್ಲ, ಏನು ಬರೆದಿತ್ತು?
ಇನ್ನೂ ಗೊತ್ತಿಲ್ಲ.
ಗೊತ್ತಾದರೆ ಬಂದು ಹೇಳು.
ಇಲ್ಲೇ ಇರುತ್ತದೆ.

ನಮ್ಮ ಪಟ್ಟಿಯಲ್ಲಿ ಅರವತ್ತೊಂದರ ಎದುರು
ಒಂದು ಗೀಟು.
ಕಾರಣದ ಮನೆಯಲ್ಲಿ ಬೆತ್ಸಾಬೆಯ ಕೈಬರಹ:
ಮಣ್ಣಿಗೆ ಮರಳಿತು.
ಇದಕ್ಕೆ ಸಂಕೇತಸಂಖ್ಯೆ ಯಾವುದು ಎಂದು
ಪತ್ರಿಕೆಯವರು ಎರಡು ಸಲ ಬರೆದು ಕೇಳಿದರು.

ಫೆಲೀಸಾ ಮೂರು ತಿಂಗಳಿಗೊಮ್ಮೆ ಬರುತ್ತಾಳೆ,
ಬೆನ್ನ ಜೋಳಿಗೆಯಲ್ಲಿ ಮಗಳು, ಕೈಯಲ್ಲಿ ಬಾಟಲಿ.
ಮಾಸು ಹೋಗಿದೆ, ಓಲೆ ಹೋಗಿಲ್ಲ,
ಜರಡಿ ಇನ್ನೂ ಅದನ್ನೇ ಓದುತ್ತಿದೆ.
ಬೆತ್ಸಾಬೆ ನಳಿಕೆ ಕುಲುಕಿ ಬೆಳಕಿಗೆ ಹಿಡಿಯುತ್ತಾಳೆ.
ಮೂವರೂ ನೋಡುತ್ತೇವೆ.
ಇವತ್ತು ಕೊಂಚ ಬೇಗ ಆರಿತೇ ನೊರೆ,
ನೀನು ಹೇಳು, ಅನ್ನುತ್ತಾಳೆ.

ನಾನು ಗಡಿಯಾರ ನೋಡಿರಲಿಲ್ಲ.